ಬೆನ್ನು ಮುಂದಾದ ಮೋಟಾರು

ಒಂದಾನೊಂದು ಕಾಲದಲ್ಲಿ, ಅಂದರೆ ಆದೋನಿ ಊರಿಗೆ ಮೋಟಾರಿನ ಬೆರಗು ಇನ್ನೂ ಹೋಗಿರದ ಕಾಲದಲ್ಲಿ, ಹತ್ತಿ ವ್ಯಾಪಾರಿ ಕೊಟ್ರಬಸಪ್ಪನ ಮೋಟಾರು ದೇವನಕೊಂಡದಾಚೆಯ ಗುಡ್ಡದ ಏರಿನಲ್ಲಿ ಮೂರನೇ ಸಲ ಕೆಮ್ಮಿ ನಿಂತಿತು. ಜೊತೆಗೆ ವನಭೋಜನಕ್ಕೆ ಹೊರಟಿದ್ದ ಬೀಗರು ತಮ್ಮ ಎರಡು ಮೋಟಾರುಗಳಲ್ಲಿ ಆಗಲೇ ನೆತ್ತಿ ಸೇರಿ ಡೇರೆ ಹೊಡೆದಿದ್ದರು.

"ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೈತ್ರಿ, ಏರಿನಾಗ ಇಂಜಿನ್ನಿಗೆ ಹರಿಯಂಗಿಲ್ಲ. ತಿರುಗಿಸಿ ರಿವರ್ಸಿನಾಗ ಹತ್ತಿಸಿದ್ರ ಹರಿತೈತಿ," ಎಂದ ಡ್ರೈವರ್ ದಸ್ತಗಿರಿ.

"ಬೀಗರಿಗೆ ಕುಂಡಿ ತೋರಿಸ್ಕೋತ ಹೋಗಬೇಕೇನ? ಬ್ಯಾಡ. ನಾವು ನಡಿಯೋಣು, ಅವ್ವ ಇಲ್ಲೇ ಕುಂದರಲಿ," ಎಂದ ಕೊಟ್ರಬಸಪ್ಪ.

ಮೊಣಕಾಲು ಹಿಡಿದಿದ್ದ ಅಜ್ಜಿ ವೀರಬಸಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಅವಳನ್ನು ನೆತ್ತಿಯ ಮೇಲೆಯೇ ಇಳಿಸುತ್ತೇನೆಂದು ಮೊಮ್ಮಗಳು ಗುರುಶಾಂತಮ್ಮ ಮಾತು ಕೊಟ್ಟಿದ್ದಳು. ಅಪ್ಪನ ಹತ್ತಿ ಗಿರಣಿಯ ಅಂಗಳದಲ್ಲಿ ದಸ್ತಗಿರಿಯಿಂದ ಮೋಟಾರು ಕಲಿತಿದ್ದ ಹುಡುಗಿ ಸೆರಗು ಸಿಕ್ಕಿಸಿ ಸ್ಟೇರಿಂಗಿಗೆ ಕೂತಳು.

"ಇಳಿ ಕೆಳಗ, ಶಾಂತವ್ವ! ಬೀಗರು ನಗತಾರ!"

"ನಗಲಿ ಬಿಡಪ್ಪ. ಬಾಯಿ ಅವರದು, ಅಜ್ಜಿ ನಮ್ಮಾಕಿ."

"ಹೊಡಿಯವ್ವ," ಎಂದಳು ಅಜ್ಜಿ. "ನನ್ನ ಮಗನ ಮಾರಿ ನೋಡ್ಕೋತನ ಮ್ಯಾಲ ಹೋಗತೀನಿ."

ಗುರುಶಾಂತಮ್ಮ ಮೋಟಾರನ್ನು ಬುಡಕ್ಕಿಳಿಸಿ ತಿರುಗಿಸಿ, ಹಿಮ್ಮುಖವಾಗಿ ಹತ್ತಿಸಿದಳು. ಒಂದೊಂದು ತಿರುವಿಗೂ ಕೊಟ್ರಬಸಪ್ಪ ಕೆಳಗೆ ಚಿಕ್ಕವನಾಗುತ್ತ ಹೋದ. ನೆತ್ತಿಯಲ್ಲಿ ಬೀಗರು ನಕ್ಕೇ ನಕ್ಕರು. ಅವಳು ಅವರ ಡೇರೆಯ ಬಾಗಿಲಿಗೇ ತಂದು ನಿಲ್ಲಿಸಿ, ಕೈ ಹಿಡಿದು, ಅಜ್ಜಿಯನ್ನು ಬಂಡೆಯ ಮೇಲೆ ಇಳಿಸಿದಳು.