ಎಲೆಯಷ್ಟು ಅಡ್ಡ

ಅರಳಿ ಕೊಂಬೆಗೆ ದಿಲ್ಮಾನನ ಖುಕುರಿ ಕತ್ತಿ ತಾಗುವ ಮೊದಲೇ ಸೆತಿಮಾಯಾ ಕಟ್ಟೆಯ ಹತ್ತಿರ ಬಂದು ನಿಂತಿದ್ದಳು.

"ಇಳಿ ಬಾಬು. ಯಾರ ಮೇಲೆ ಕಾಲಿಟ್ಟಿದ್ದೀಯ, ಗೊತ್ತಿದೆಯಾ?"

ಗೊತ್ತಿತ್ತು. ಹೊರೆ ಹೊತ್ತು ಗುಡ್ಡ ಇಳಿಯುವಾಗ ಕಾಲು ಜಾರಿ ಸತ್ತ ಮಗನ ಹೆಸರಿನಲ್ಲಿ, ದಾರಿಹೋಕರು ಹೊರೆ ಇಳಿಸಿ ಕೂರಲೆಂದು, ಮುದುಕಿ ಈ ಕಟ್ಟೆ ಕಟ್ಟಿಸಿ ಅರಳಿ ನೆಟ್ಟಿದ್ದಳು. ಸುತ್ತಲ ಹಳ್ಳಿಗಳ ಇಂಟರ್ನೆಟ್ ರಿಪೇರಿ ಮಾಡುವ ದಿಲ್ಮಾನ್, ಅವಳು ಮೇವಿಗೆ ಹೋಗುವ ಹೊತ್ತು ನೋಡಿಯೇ ಮರ ಹತ್ತಿದ್ದ. ಈಗ ಪೆಚ್ಚಾಗಿ ಇಳಿದ.

"ನಾನೇನು ಮಾಡ್ಲಿ ಆಮಾ? ಚಿಗುರು ಬಂದಾಗಿಂದ ಆಸ್ಪತ್ರೆಗೆ ನೆಟ್ಟೇ ಇಲ್ಲ. ಆಚೆ ಗುಡ್ಡದ ಡಿಶ್ಶು, ಆಸ್ಪತ್ರೆ ಮೇಲಿನ ಡಿಶ್ಶು ಮುಖಾಮುಖಿ ನೋಡ್ತಿರಬೇಕು. ಈ ಕೊಂಬೆ ಮಧ್ಯ ಬಂದಿದೆ."

"ಸುಳ್ಳು ಹೇಳ್ಬೇಡ. ಆಸ್ಪತ್ರೆ ವೈಫೈ ಗೋಡೆ ದಾಟಿ ಅಂಗಳಕ್ಕೇ ಬರ್ತಿತ್ತು. ಹುಡುಗೀರೆಲ್ಲ ಅಲ್ಲೇ ಬೀಡು ಬಿಟ್ಟಿರ್ತಿದ್ರು."

"ಅದು ಗೋಡೆ ದಾಟುತ್ತೆ, ಅಂಗಳ ದಾಟಲ್ಲ. ಇದು ಡಿಶ್ಶಿಂದ ಡಿಶ್ಶಿಗೆ ಇಪ್ಪತ್ತು ಕಿಲೋಮೀಟರ್ ಬರುತ್ತೆ. ಆದ್ರೆ ಎಲೆ ಅಡ್ಡ ಬಂದ್ರೂ ನಿಂತುಬಿಡುತ್ತೆ."

"ಅಷ್ಟು ದೂರ ಬಂದು ಎಲೆಗೆ ಸೋಲೋದಾ? ನಿನ್ನ ಹಾಗೇ ನಾಜೂಕು." ಮುದುಕಿ ನಗಲು ನೋಡಿದಳು, ಆಗಲಿಲ್ಲ.

ದಿಲ್ಮಾನ್ ತಲೆ ತಗ್ಗಿಸಿಕೊಂಡೇ ಹೇಳಿದ. "ನಿಮ್ಮ ಪಕ್ಕದ ಮನೆ ಜುನ್‌ಕಿರಿ ಎಂಟು ತಿಂಗಳ ಬಸುರಿ. ಮುಖ, ಕಾಲು ಊದಿಬಿಟ್ಟಿದೆ. ಪೋಖರಾದ ಡಾಕ್ಟರು ಇವತ್ತೇ ವಿಡಿಯೋದಲ್ಲಿ ನೋಡ್ಬೇಕು ಅಂತಾರೆ ಇಲ್ಲಿಯ ನರ್ಸು. ಒಂದೂವರೆ ದಿನ ಗುಡ್ಡ ಇಳಿಯೋ ಸ್ಥಿತೀಲಿ ಅವಳಿಲ್ಲ."

ಸೆತಿಮಾಯಾ ಮನೆಗೆ ಹೋದಳು. ಬರುವಾಗ ಕೈಯಲ್ಲಿ ಮಗನ ನಾಮ್ಲೊ ಇತ್ತು. ಅವನು ಹೊರೆಗೆ ಸುತ್ತಿ ಹಣೆಗೆ ಕೊಟ್ಟು ಹೊರುತ್ತಿದ್ದ ಆ ಹಗ್ಗವನ್ನು ಎಂಟು ವರ್ಷದಿಂದ ಅವಳು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಮರಕ್ಕೆ ಅಕ್ಷತೆ ಹಾಕಿ, ಹಣೆ ತಾಗಿಸಿ, ಮೆಲ್ಲಗೆ ಏನೋ ಹೇಳಿಕೊಂಡಳು.

"ಕಡೀಬೇಡ. ಎಳೆದು ಕಟ್ಟು."

ಎಳೆಯ ಕೊಂಬೆ ಬಾಗಿತು. ಕಣ್ಣೀರು ಗಲ್ಲಕ್ಕಿಳಿದರೂ ಒರೆಸಿಕೊಳ್ಳದೆ, ಗಂಟು ಬಿಗಿಯುವವರೆಗೆ ಮುದುಕಿ ಹಗ್ಗ ಹಿಡಿದೇ ಇದ್ದಳು.

ಮಧ್ಯಾಹ್ನ ಜುನ್‌ಕಿರಿಯ ಬೆನ್ನು ಸವರುತ್ತ ಅವಳೂ ಆಸ್ಪತ್ರೆಯ ಪರದೆಯ ಮುಂದೆ ಕೂತಳು. ಡಾಕ್ಟರು ಎಲ್ಲ ವಿಚಾರಿಸಿ, ನಾಳೆ ಬೆಳಿಗ್ಗೆಯೇ ಹೆಲಿಕಾಪ್ಟರ್ ಕಳಿಸುವುದಾಗಿ ಹೇಳಿ, ಹುಡುಗಿಗೆ ಧೈರ್ಯ ತುಂಬಿದರು.

"ತಿಂಗಳಿಂದ ಸಿಗದವರು ಇವತ್ತು ಹೇಗೆ ಸಿಕ್ಕಿದ್ರಿ?"

"ನನ್ನ ಮಗ ದಾರೀಲಿ ಅಡ್ಡ ನಿಂತಿದ್ದ, ಡಾಕ್ಟರ್ ಬಾಬು," ಎಂದಳು ಸೆತಿಮಾಯಾ. "ಹೇಳಿದೆ. ಬದಿಗೆ ಸರಿದು ನಿಂತ."