ಸಡಿಲವಾದ ಕಪ್ಪು ಕೇಬಲ್

ಹತ್ತನೇ ನಂಬರಿನ ಸ್ಪ್ಯಾನರು ಉಣ್ಣೆಯ ಕೈಗವಸಿನೊಳಗೂ ಕೊರೆಯುತ್ತಿತ್ತು. ಹಿಲ್ಕಾ ಅಡುಗೆಮನೆಯ ಕಿಟಕಿಯ ಮೇಲೊಂದು ಕಣ್ಣಿಟ್ಟು, ಕಾರಿನ ಬಾನೆಟ್ಟಿನೊಳಗೆ ಬಗ್ಗಿ, ಬ್ಯಾಟರಿಯ ಕಪ್ಪು ಕೇಬಲ್ಲಿನ ನಟ್ಟನ್ನು ಸಡಿಲಿಸಿದಳು. ಪೂರ್ತಿ ಕಿತ್ತರೆ ಗೊತ್ತಾಗಿಬಿಡುತ್ತದೆ. ಕೂತಂತೆ ಕಾಣಬೇಕು, ಕೂತಿರಬಾರದು. ಬಾನೆಟ್ಟನ್ನು ಸದ್ದಿಲ್ಲದೆ ಒತ್ತಿ ಮುಚ್ಚಿ ಒಳಗೆ ಬಂದಾಗ ಕಾಫಿ ಇನ್ನೂ ಕುದಿಯುತ್ತಿತ್ತು.

ಈ ವಯಸ್ಸಿನಲ್ಲಿ, ತನ್ನದೇ ಅಂಗಳದಲ್ಲಿ, ಕಳ್ಳಿಯ ಹಾಗೆ. ಅವಳಿಗೆ ಸಾಕುಸಾಕಾಗಿ ಹೋಗಿತ್ತು.

ಗಂಡ ತೌನೊ ಲ್ಯಾಪ್‌ಲ್ಯಾಂಡಿನ ಈ ರಸ್ತೆಗಳಲ್ಲಿ ಜೀವಮಾನವೆಲ್ಲ ಹಾಲಿನ ಲಾರಿ ಓಡಿಸಿದವನು. ಒಂದು ಹಿಮಸಾರಂಗಕ್ಕೂ ತಾಗಿಸಿದವನಲ್ಲ. ಆದರೆ ಅಕ್ಟೋಬರಿನ ಒಂದು ಸಂಜೆ, ಶಾಲೆಯ ಟ್ಯಾಕ್ಸಿ ನಿಲ್ಲುವ ತಿರುವಿನಲ್ಲಿ, ಪುಟ್ಟ ಹುಡುಗಿಯೊಬ್ಬಳು ರಸ್ತೆ ದಾಟುತ್ತಿದ್ದಳು. ಕತ್ತಲಲ್ಲಿ ಕಾಣಲೆಂದು ಅವಳ ಕೋಟಿಗೆ ತೂಗುಬಿಟ್ಟ ಬಿಲ್ಲೆ ಕಾರಿನ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ಹಿಲ್ಕಾ ಕಿರುಚಿದ ಮೇಲೆ ಬ್ರೇಕು ಬಿತ್ತು. "ರಸ್ತೆ ಜಾರ್ತಿತ್ತು," ಎಂದ ತೌನೊ. ರಸ್ತೆ ಒಣಗಿತ್ತು.

ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಐವತ್ತು ವರ್ಷ ಸಂಸಾರ ಮಾಡಿದವರಿಗೆ ಮಾತೆತ್ತದೆ ಇರುವುದು ಚೆನ್ನಾಗಿ ಬರುತ್ತದೆ. ನಿನಗೆ ಕಣ್ಣು ಕಾಣುವುದಿಲ್ಲ ಎಂದು ತೌನೊನಂಥವನಿಗೆ ಹೇಳುವುದೂ ಒಂದೇ, ಅವನನ್ನು ಜೀವಂತ ಹೂಳುವುದೂ ಒಂದೇ ಎಂದುಕೊಂಡಿದ್ದಳು ಹಿಲ್ಕಾ. ಅದಕ್ಕೇ ಸ್ಪ್ಯಾನರು.

ಕಾಫಿ ಮುಗಿಸಿ ತೌನೊ ಕೋಟು ಹಾಕಿಕೊಂಡ. ಎಡಗೈ ಜೇಬಿನಲ್ಲಿ, ಬಲಗೈಯಲ್ಲಿ ಕೀಲಿ. ಹೊರಗೆ ಹೋಗಿ ಒಂದೇ ಒಂದು ಸಲ ತಿರುಗಿಸಿದ. ಏನೂ ಇಲ್ಲ. ಕಾರಿನೊಳಗಿನ ಪುಟ್ಟ ದೀಪವೂ ಹತ್ತಲಿಲ್ಲ. ಹಿಂದೆಲ್ಲ ಹಿಮದಲ್ಲಿ ಅಂಗಾತ ಮಲಗಿ ಲಾರಿ ರಿಪೇರಿ ಮಾಡುತ್ತಿದ್ದವನು, ಈಗ ಬಾನೆಟ್ಟನ್ನೂ ಎತ್ತದೆ ಒಳಗೆ ಬಂದು ಗ್ಯಾರೇಜಿನ ರೈನೆಗೆ ಫೋನು ಮಾಡಿದ.

"ಮತ್ತೆ ಸತ್ತಿದೆ ಕಣೋ. ಬರ್ತಾ ಹಾಲೂ ರೈ ಬ್ರೆಡ್ಡೂ ತಗೊಂಬಾ."

ವಯಸ್ಸಾಯಿತು ಪಾಪ, ಮೊದಲಿನ ಹುರುಪಿಲ್ಲ, ಎಂದುಕೊಂಡಳು ಹಿಲ್ಕಾ.

ರೈನೆ ಬಂದ. ಬಾನೆಟ್ಟಿನ ಕೆಳಗೆ ಬಹಳ ಹೊತ್ತು ಇದ್ದ. ಹಿಲ್ಕಾ ಬ್ಯಾಟರಿ ದೀಪ ಹಿಡಿದು ಪಕ್ಕದಲ್ಲಿ ನಿಂತಳು. ನಟ್ಟಿನ ಮೂಲೆಗಳು ಸವೆದು ಬೆಳ್ಳಗಾಗಿದ್ದವು. ರೈನೆ ಅದನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

"ಅವರಿಗೆ ಹೇಳ್ಬೇಡಪ್ಪ," ಎಂದಳು ಹಿಲ್ಕಾ ಮೆಲ್ಲಗೆ.

"ನಾನ್ಯಾಕಮ್ಮ ಹೇಳ್ಲಿ? ಈ ಮನೇಲಿ ನಾನು ಯಾವುದಕ್ಕೂ ಬಾಯಿಬಿಡಲ್ಲ."

ಕಾರು ಗುರುಗುಟ್ಟಿ ಎದ್ದಿತು. ಅಷ್ಟರಲ್ಲಿ ಡಿಸೆಂಬರಿನ ಪುಟ್ಟ ಹಗಲು ಮುಗಿದಿತ್ತು. "ಕತ್ತಲಾಯ್ತಲ್ಲ, ನಾಳೆ ನೋಡೋಣ," ಎಂದ ತೌನೊ. ಕೇಕು ತಿನ್ನುತ್ತ ರೈನೆ ನಿಟ್ಟುಸಿರಿಟ್ಟ. "ಈ ಕಾರಿಗೆ ಒಂದೇ ಕಾಯಿಲೆ ಆಗಿದ್ರೆ ವಾಸಿ ಮಾಡ್ತಿದ್ದೆ." ತೌನೊ ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದ.

ಸಂಜೆ ಎಂದಿನಂತೆ ತೌನೊ ಇಂಜಿನು ಹೆಪ್ಪುಗಟ್ಟದಂತೆ ಬಿಸಿ ಮಾಡುವ ತಂತಿಯನ್ನು ಕಾರಿಗೆ ಚುಚ್ಚಲು ಹೋದ. ಚುಚ್ಚುವುದು ಕ್ಷಣದ ಕೆಲಸ. ಅವನು ಬಹಳ ಹೊತ್ತು ಅಲ್ಲೇ ಇದ್ದ. ಕಾರಿನ ಮೇಲೆ ಎಂಥ ಆಸೆ ನೋಡು ಎಂದುಕೊಂಡಳು ಹಿಲ್ಕಾ.

ಆಸೆಗೆ ಕಾರಣವೂ ಇತ್ತು. ಶನಿವಾರ ಪಟ್ಟಣದ ಚರ್ಚಿನಲ್ಲಿ ಮೊಮ್ಮಗಳ ನಾಮಕರಣ. "ಅಮ್ಮನ್ನ ನಾನೇ ಕರ್ಕೊಂಡು ಬರ್ತೀನಿ, ನೀನು ಯೋಚ್ನೆ ಮಾಡ್ಬೇಡ," ಎಂದು ಮಗಳಿಗೆ ಮಾತು ಕೊಟ್ಟಿದ್ದ. ದಾರಿಯುದ್ದಕ್ಕೂ ಕಾಡು, ಕತ್ತಲು, ಶಾಲೆಯ ತಿರುವುಗಳು.

ಶನಿವಾರ ಹಿಲ್ಕಾ ಕಣ್ಣು ಬಿಟ್ಟಾಗ ಪಕ್ಕದ ಹಾಸಿಗೆ ಖಾಲಿ. ತೌನೊ ಆಗಲೇ ಕ್ಷೌರ ಮಾಡಿಕೊಂಡು, ಕೋಟು ತೊಟ್ಟು, ಅಡುಗೆಮನೆಯಲ್ಲಿ ಕೂತಿದ್ದ. ಸ್ಪ್ಯಾನರು ಅವನ ಹಿಂದಿನ ಡ್ರಾಯರಿನಲ್ಲಿತ್ತು.

"ಏಳು, ಹೊರಡೋಣ," ಎಂದು ಎದ್ದು ಹೊರಗೆ ನಡೆದ.

ಅವಳು ಕಿಟಕಿಗೆ ಓಡಿದಳು. ಕಾರಿನ ಬಾಗಿಲು ತೆರೆಯುತ್ತಲೇ ಒಳಗಿನ ಪುಟ್ಟ ದೀಪ ಹತ್ತಿತು. ಕರೆಂಟಿತ್ತು. ಹಿಲ್ಕಾಳ ಕಣ್ಣ ಮುಂದೆ ಆ ಹೊಳೆಯುವ ಬಿಲ್ಲೆ. ಚಪ್ಪಲಿಯಲ್ಲೇ ಹಿಮದ ಮೇಲೆ ಓಡಿಹೋಗಿ ಕಾರಿನ ಬಾಗಿಲು ಹಿಡಿದುಕೊಂಡಳು.

"ತಿರುಗಿಸ್ಬೇಡ. ನಿಂಗೆ ಕಣ್ಣು ಕಾಣಲ್ಲ ತೌನೊ. ಆ ಮಗೂನೇ ಕಾಣ್ಲಿಲ್ಲ ನಿಂಗೆ. ಕೇಬಲ್ ಸಡಿಲ ಮಾಡ್ತಿದ್ದವಳು ನಾನೇ, ದಿನಾ ಬೆಳಿಗ್ಗೆ. ಇವತ್ತು ಆಗ್ಲಿಲ್ಲ. ಬೈಯೋದಿದ್ರೆ ಬೈದುಬಿಡು."

ತೌನೊ ಅವಳನ್ನೇ ನೋಡಿದ. ಬೈಯಲಿಲ್ಲ. ಕೈ ಚಾಚಿ ಕೀಲಿ ತಿರುಗಿಸಿದ.

ದೀಪ ಉರಿಯುತ್ತಲೇ ಇತ್ತು. ಇಂಜಿನು ಕಮಕ್ ಕಿಮಕ್ ಎನ್ನಲಿಲ್ಲ.

"ನಾನು ಇವತ್ತು ಮುಟ್ಟೇ ಇಲ್ಲ," ಎಂದಳು ಹಿಲ್ಕಾ ಕಕ್ಕಾಬಿಕ್ಕಿಯಾಗಿ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ರೈನೆಯ ವ್ಯಾನಿನ ಬೆಳಕು ತಿರುಗಿತು. ಯಾರೂ ಫೋನು ಮಾಡಿರಲಿಲ್ಲ. ವ್ಯಾನು ಬಳಿ ಬಂದಾಗ ನೋಡಿದರೆ ರೈನೆ ಮೈಮೇಲೆ ಗ್ಯಾರೇಜಿನ ಬಟ್ಟೆಯಿಲ್ಲ, ಟೈ ಕಟ್ಟಿಕೊಂಡಿದ್ದ.

"ಚರ್ಚಿಗೆ ಅವನೇ ಕರ್ಕೊಂಡು ಹೋಗ್ತಾನೆ. ಹೋದ ವಾರನೇ ಹೇಳಿಟ್ಟಿದ್ದೆ," ಎಂದ ತೌನೊ. ಎಡಗೈಯನ್ನು ಜೇಬಿನಿಂದ ತೆಗೆದು, ಇಂಜಿನಿನ ಉಗುರಿನಷ್ಟಗಲದ ಫ್ಯೂಸೊಂದನ್ನು ಅವಳ ಅಂಗೈಯಲ್ಲಿಟ್ಟ.

"ಅಕ್ಟೋಬರಿಂದ ದಿನಾ ಸಂಜೆ ಕಿತ್ತಿಡ್ತಿದ್ದೀನಿ, ಬಾಯಿಬಿಟ್ಟು ಹೇಳಕ್ಕೆ ನಾಚಿಕೆ ಆಗ್ತಿತ್ತು," ಎಂದ. "ನೀನು ಬೆಚ್ಚಗೆ ಮಲಗಿರಬಹುದಿತ್ತಲ್ಲೇ, ಹಿಲ್ಕಾ."