ಅಖಂಡ ಲೆಕ್ಕ

“ಮುಟ್ಟಬೇಡ! ಕೈ ತೆಗಿ ಅಲ್ಲಿಂದ!”

ಸೆಕ್ರೆಟರಿ ಕೋದಂಡರಾಮಪ್ಪನವರು ಬಾಗಿಲಿನಿಂದಲೇ ಕೂಗಿದ ರಭಸಕ್ಕೆ ಟೈಪಿಸ್ಟ್ ಅನಂತಲಕ್ಷ್ಮಿಯ ಬೆರಳು ಕಂಪ್ಯೂಟರಿನ ಮೇಲೆ, ಗಾಳಿಯಲ್ಲೇ ನಿಂತಿತು. ಶ್ರೀನಿವಾಸಪುರದ ರೇಷ್ಮೆಗೂಡಿನ ಸಂಘಕ್ಕೆ ಆ ಯಂತ್ರ ಬಂದು ಇನ್ನೂ ತಿಂಗಳಾಗಿರಲಿಲ್ಲ, ಕುಂಕುಮವೂ ಅಳಿಸಿರಲಿಲ್ಲ. ಅದರ ಮುಂದೆ ನೆಲದ ಮೇಲೆ, ಬಾಯಿಗೆ ಬಟ್ಟೆ ಕಟ್ಟಿ ಅರಗಿನ ಮೊಹರು ಒತ್ತಿದ ಮೂರು ಬುಟ್ಟಿ ಗೂಡು. ಬುಟ್ಟಿಗಳ ಪಕ್ಕದಲ್ಲಿ ಯಲ್ದೂರಿನ ಆಂಜಿನಮ್ಮ. ಮಂಗಳವಾರ ಗೂಡು ತಂದವಳು ಶುಕ್ರವಾರ ಬೆಳಗ್ಗೆಯೂ ಅಲ್ಲೇ ಕುಳಿತಿದ್ದಳು.

“ಲೆಕ್ಕ ನಿಲ್ಲಿಸೋಣ ಅಂತ ಸಾರ್,” ಎಂದಳು ಅನಂತಲಕ್ಷ್ಮಿ. “ಕಂಟ್ರೋಲ್ ಹಿಡ್ಕೊಂಡು ಸಿ ಒತ್ತಿದ್ರೆ ನಿಂತುಹೋಗುತ್ತೆ. ಟ್ರೈನಿಂಗಲ್ಲಿ ಹೇಳಿಕೊಟ್ಟಿದ್ರು.”

“ನಿಲ್ಲಿಸೋದು ಹೇಳಿಕೊಟ್ರು, ತಾಳ್ಮೆ ಹೇಳಿಕೊಡ್ಲಿಲ್ವೇನು?”

ಗೂಡನ್ನು ಬೆರಳಲ್ಲಿ ಅದುಮಿ ದರ್ಜೆ ಹೇಳುವ ಹಳ್ಳಿ ಪದ್ಧತಿ ತೊಲಗಲೆಂದು ಕೋದಂಡರಾಮಪ್ಪನವರು ತಾವೇ ಕೂತು ಒಂದು ಪ್ರೋಗ್ರಾಂ ಬರೆದಿದ್ದರು. ನೂರು ಗೂಡಿನ ತೂಕ ಕೊಟ್ಟರೆ, ಗೂಡೊಂದಕ್ಕೆ ಸರಾಸರಿ ಎಷ್ಟು ಮೀಟರ್ ನೂಲೆಂದು ಅದು ಹೇಳಬೇಕು. ಒಮ್ಮೆ ಲೆಕ್ಕ ಹಾಕುವುದು, ತಿದ್ದಿ ಮತ್ತೆ ಹಾಕುವುದು, ಹಿಂದಿನ ಉತ್ತರಕ್ಕೂ ಈಗಿನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಉಳಿಯದಾಗ ತಾನಾಗಿ ನಿಲ್ಲುವುದು. ಅಲ್ಲಿಯ ತನಕ ಬುಟ್ಟಿಯ ಮೊಹರು ಒಡೆಯುವಂತಿಲ್ಲ. ಮಧ್ಯೆ ಕರೆಂಟು ಕೈಕೊಟ್ಟೀತೆಂದು, ಮದುವೆಮನೆಗಳಿಗೆ ಬಾಡಿಗೆಗೆ ಹೋಗುವ ಜನರೇಟರನ್ನೂ ತರಿಸಿದ್ದರು. ಅದು ಮೂರು ದಿನದಿಂದ ಹಿತ್ತಲಲ್ಲಿ ಡೀಸೆಲ್ ಕುಡಿದು ಕೆಮ್ಮುತ್ತಿತ್ತು.

“ನೋಡಿ ಸಾರ್, ಏಳುನೂರ ಹನ್ನೆರಡು ಅನ್ನೋದು ಮಂಗಳವಾರ ಮಧ್ಯಾಹ್ನವೇ ಬಂತು. ಪಾಯಿಂಟ್ ಆದ್ಮೇಲೆ ನಾಲ್ಕನೇ ಅಂಕಿ ಮಾತ್ರ ಒಂದು, ಎರಡು, ಒಂದು, ಎರಡು ಅಂತ ಕುಣೀತಿದೆ. ಇದು ಜನ್ಮದಲ್ಲಿ ನಿಲ್ಲಲ್ಲ.”

“ನಿಲ್ಲುತ್ತೆ. ಯಂತ್ರಕ್ಕೆ ಶ್ರದ್ಧೆ ಇದೆ, ನಿನಗಿಲ್ಲ ಅಷ್ಟೇ. ಅಖಂಡ ಭಜನೆ ನಡೀತಿರೋವಾಗ ಮಧ್ಯೆ ಬಂದು ತಾಳ ಕಿತ್ಕೋತಾರೇನಮ್ಮ?”

“ಭಜನೆಗೂ ಮಂಗಳ ಹಾಡೋರು ಇರ್ತಾರೆ ಸಾಮಿ,” ಎಂದಳು ಆಂಜಿನಮ್ಮ. “ಗೂಡು ಬಿಡಿಸಿ ನಾಲ್ಕು ದಿನ ಆಯ್ತು. ಒಳಗಿರೋದು ಚಿಟ್ಟೆ ಆಗಿ ತೂತು ಹೊಡ್ಕೊಂಡು ಬಂದ್ರೆ ನೂಲೆಲ್ಲಾ ತುಂಡು ತುಂಡು. ಆಮೇಲೆ ನೂಲು ಬಿಚ್ಚೋ ಯಾವ ರೀಲರು ಮೂಸಿ ನೋಡ್ತಾನೆ? ಮಕ್ಕಳಿಗಿಂತ ಮೊದ್ಲು ಹುಳಕ್ಕೆ ಸೊಪ್ಪು ಹಾಕಿದೀನಿ ಸಾಮಿ, ಒಂದು ತಿಂಗಳು. ಮೊಹರು ಒಡೀರಿ, ಕೋಲಾರಕ್ಕಾದ್ರೂ ತಗೊಂಡು ಹೋಗ್ತೀನಿ.”

“ಅದೇ ನಿಮ್ಮ ಆತುರ! ಅಂದಾಜಿನ ಮಾತು ನಂಬ್ಕೊಂಡು ಹೋಗ್ತೀರಿ, ಮೋಸ ಹೋಗ್ತೀರಿ. ನಿಮಗೆ ಒಂದೆಳೆ ನೂಲೂ ನಷ್ಟ ಆಗಬಾರ್ದು ಅಂತ ಅಲ್ವೇನಮ್ಮ ನಾನಿಲ್ಲಿ ಒದ್ದಾಡ್ತಿರೋದು?”

ಆಂಜಿನಮ್ಮ ಬಗ್ಗಿ ಬುಟ್ಟಿಯ ಬಟ್ಟೆಗೆ ಕಿವಿಯಿಟ್ಟಳು.

“ಅಯ್ಯೋ ದೇವುಡಾ. ಕೆರೀತಾ ಅವೆ.”

“ಜನರೇಟರ್ ಸದ್ದು ಕಣಮ್ಮ ಅದು.”

ಅವಳು ಹಲ್ಲಿನಿಂದ ದಾರ ಕಡಿದು ಬಟ್ಟೆ ಕಿತ್ತೆಸೆದಳು. ಅರಗು ಪುಡಿಪುಡಿಯಾಗಿ ಸೆಕ್ರೆಟರಿಯವರ ಚಪ್ಪಲಿಯ ಮೇಲೆ ಬಿತ್ತು. ಬುಟ್ಟಿಯೊಳಗೆ ನಾಲ್ಕೈದು ಚಿಟ್ಟೆಗಳು ಆಗಲೇ ಗೂಡುಗಳ ಮೇಲೆ ಕೂತು ಒದ್ದೆ ರೆಕ್ಕೆ ಬಿಡಿಸಿಕೊಳ್ಳುತ್ತಿದ್ದವು. ಇನ್ನೊಂದು ಆಗತಾನೇ ತಲೆ ಹೊರಗೆ ಹಾಕಿತ್ತು. ಆಂಜಿನಮ್ಮ ಅದನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದಳು. ಅದು ಬೆರಳಿನ ಪಕ್ಕದಿಂದ ನುಸುಳಿಕೊಂಡು ಬಂತು.

ಅನಂತಲಕ್ಷ್ಮಿ ಯಾರನ್ನೂ ಕೇಳಲಿಲ್ಲ. ಎರಡು ಕೀ ಒತ್ತಿದಳು. ಮೂರು ದಿನ ಓಡಿದ ಅಂಕಿಗಳು ಇದ್ದಲ್ಲೇ ನಿಂತವು.

“ಇಷ್ಟೇನಾ?” ಆಂಜಿನಮ್ಮ ಕತ್ತೆತ್ತಿದಳು. “ಎರಡೇ ಬೆರಳಾ? ಮಂಗಳವಾರ ನಿನ್ ಬೆರಳಿಗೆ ಏನ್ ಬಂದಿತ್ತಮ್ಮಾ?”

ಅನಂತಲಕ್ಷ್ಮಿ ತಲೆ ತಗ್ಗಿಸಿದಳು. “ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ ಅಕ್ಕಾ.”

ಕೋದಂಡರಾಮಪ್ಪನವರು ಪಂಚೆ ಸರಿಮಾಡಿಕೊಂಡು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಚಿಟ್ಟೆಯನ್ನು ನೋಡಿದರು, ಇನ್ನೊಂದನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

“ಸ್ಯಾಂಪಲ್ಲೇ ಬದಲಾಗ್ತಾ ಇದೆಯಲ್ಲೇ! ಅದಕ್ಕೇ ನೋಡು ಲೆಕ್ಕ ನಿಲ್ತಾ ಇರ್ಲಿಲ್ಲ. ತಪ್ಪು ಪ್ರೋಗ್ರಾಮಿಂದಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಅನಂತಲಕ್ಷ್ಮಿ, ಹೊಸದಾಗಿ ನೂರು ಗೂಡು ತೂಗು. ತೂತು ಬಿದ್ದಿರೋದನ್ನೂ ಸೇರಿಸು, ಪಕ್ಷಪಾತ ಬೇಡ. ಮೊದಲಿಂದ ಓಡಿಸೋಣ.”

ಅನಂತಲಕ್ಷ್ಮಿ ಅಲುಗಲಿಲ್ಲ. ಅವರೇ ಎದ್ದು ತಕ್ಕಡಿ ತಂದಿಟ್ಟರು. ಆಮೇಲೆ ರಿಜಿಸ್ಟರು ತೆಗೆದು, ಹಾಳೆಯ ಕೆಳಗೆ ಒಂದು ಗೆರೆ ಎಳೆದು, ಅದರ ಮೇಲೆ ಬೆರಳಿಟ್ಟು ಆಂಜಿನಮ್ಮನ ಮುಂದೆ ಹಿಡಿದರು.

“ಹಳೇ ಲೆಕ್ಕ ರದ್ದು ಮಾಡೋಕೆ ನನ್ನದೇನೂ ಅಭ್ಯಂತರ ಇಲ್ಲ ಅಂತ, ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಮ್ಮ. ಈ ಸಲ ಬೇಗ ಮುಗಿಯುತ್ತೆ.”

ಆಂಜಿನಮ್ಮ ಬುಟ್ಟಿಯಿಂದ ಒಂದು ಚಿಟ್ಟೆಯನ್ನು ಮೆಲ್ಲಗೆ ಎತ್ತಿ, ಅವರು ಬೆರಳಿಟ್ಟಿದ್ದ ಜಾಗದಲ್ಲಿ ಬಿಟ್ಟಳು.

“ಇದರದ್ದೇ ಒತ್ತಿಸ್ಕೊಳ್ಳಿ ಸಾಮಿ.”

ಚಿಟ್ಟೆ ರೆಕ್ಕೆ ಬಡಿಯುತ್ತ ಗೆರೆಯ ಮೇಲೆ ಒಂದು ಸುತ್ತು ತಿರುಗಿ, ಸೆಕ್ರೆಟರಿಯವರ ಉಗುರಿನ ಪಕ್ಕದಲ್ಲೇ ಕಂದು ಬಣ್ಣದ ಒಂದು ಹನಿ ಹೇತು ಮುಂದಕ್ಕೆ ಹೋಯಿತು.